ಟ್ಯಾನ್ಸಿಯ ಮಾಸು

ಪ್ರೀತಿಯ ಡಿಂಪ್ನಾ,

ಈ ಕಾಗದ ನೋಡಿದ ಕೂಡಲೇ ನೀನು ಬೈಯುತ್ತೀಯ ಎಂದು ಗೊತ್ತು. ಮೂವತ್ತೇಳು ವರ್ಷ ಬಾಯಿ ಬಿಡದವನಿಗೆ ಈಗೇನು ಬಂತು ಎಂದು. ಬೈದುಕೋ. ವಿಳಾಸ ಕೊಟ್ಟದ್ದು ನಿನ್ನ ತಂಗಿಯ ಮಗಳು ಓರ್ಲಾ. ಅವಳ ಮೇಲೆ ಸಿಟ್ಟಾಗಬೇಡ, ನಾನೇ ಮೂರು ಸಲ ಫೋನ್ ಮಾಡಿ ಕಾಡಿದೆ. ಹೇಳಬೇಕಾಗಿದ್ದ ಮಾತು ಒಂದೇ: ನಮ್ಮ ಕುದುರೆ ಟ್ಯಾನ್ಸಿ ಈದಾಗ ಬಿದ್ದ ಮಾಸನ್ನು ನಾನು ನೋಡಿರಲಿಲ್ಲ, ನೋಡಿದೆ ಎಂದು ನಿನಗೆ ಸುಳ್ಳು ಹೇಳಿದೆ. ಇದು ನಿನಗೆ ಆಗಲೇ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬರಬೇಕಾಗಿತ್ತು.

ಇಲ್ಲೀಗ ಮಾರ್ಚ್. ಹದಿನಾಲ್ಕು ಕುದುರೆ ಈದಿವೆ, ಒಂಬತ್ತು ಬಾಕಿ. ಲಾಯದ ತುಂಬ ಕ್ಯಾಮೆರಾ ಹಾಕಿದ್ದಾರೆ, ಹಾಸಿಗೆಯಲ್ಲೇ ಮಲಗಿ ಫೋನಿನಲ್ಲಿ ನೋಡಬಹುದು. ನನಗೆ ಅದು ಹಿಡಿಸುವುದಿಲ್ಲ. ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಟ್ಟಿ ಈಯುವ ಸೂಚನೆ ಕಂಡಿತೆಂದರೆ ಎದ್ದುಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ನೀನಾದರೆ ಬಕೆಟ್ ಬೋರಲು ಹಾಕಿಕೊಂಡು ಕೂತು, ಸೊಂಟಕ್ಕೆ ಹುಲ್ಲಿನ ಪಿಂಡಿಯ ಹುರಿ ಬಿಗಿದ ಆ ಹಳೇ ಕೋಟಿನಲ್ಲಿ, ಕುದುರೆಯ ಜೊತೆ ಪಕ್ಕದ ಮನೆಯವಳ ಹಾಗೆ ಮಾತಾಡುತ್ತಿದ್ದೆ. "ನಿಧಾನಕ್ಕೆ ಹಾಕಮ್ಮಾ, ನಮಗೇನು ಬೇರೆ ಕೆಲ್ಸ ಇದ್ಯಾ." ನನಗೆ ಮಾತ್ರ ಬೇರೆ ಧಾಟಿ. "ಲೋ ಫಿಂಟನ್, ಟೀ ಕುಡ್ದು ಬಾ ಹೋಗು. ನಿನ್ ಮುಖ ನೋಡ್ಕೊಂಡಿದ್ರೆ ಇದು ನಾಳೆವರ್ಗೂ ಈಯಲ್ಲ." ನಾನು ಕೆಟಲ್ ಇಟ್ಟು ಬರುವಷ್ಟರಲ್ಲಿ ಹುಲ್ಲಿನ ಮೇಲೆ ಒದ್ದೆ ಮರಿ ಕಿವಿ ಒದರುತ್ತಿರುತ್ತಿತ್ತು. ಮೂರು ಸಲ ಹೀಗಾದ ಮೇಲೆ, ನೀನೂ ಕುದುರೆಗಳೂ ಒಳಗೊಳಗೇ ಮಾತಾಡಿಕೊಂಡಿದ್ದೀರಿ ಎಂದು ನನಗೆ ಗುಮಾನಿ ಬಂದಿತ್ತು. ಆ ದಿನಗಳಷ್ಟು ಸುಖವಾಗಿ ಮತ್ತೆಂದೂ ಇದ್ದದ್ದು ನೆನಪಿಲ್ಲ.

ಮರಿ ಎದ್ದು ನಿಂತರೆ ನಮಗೆಲ್ಲ ಖುಷಿ. ನಿನಗೆ ಮಾತ್ರ ಮಾಸು ಬಿದ್ದು, ಅದನ್ನು ಅಂಗಳದ ಸಿಮೆಂಟಿನ ಮೇಲೆ ಪ್ಯಾಂಟು ಒಣಹಾಕುವ ಹಾಗೆ ಹರಡಿ, ಪ್ಯಾಂಟಿನ ಕಾಲುಗಳಂಥ ಅದರ ಎರಡು ಕವಲೂ ಪೂರ್ತಿ ಇವೆ ಎಂದು ನೋಡುವ ತನಕ ಸಮಾಧಾನವಿಲ್ಲ. "ದೊಡ್ಡ ಕಾಲು ಯಾವ್ ದಡ್ಡನಾದ್ರೂ ನೋಡ್ತಾನೆ. ನೀನು ಚಿಕ್ಕ ಕಾಲಿನ ತುದಿ ನೋಡು. ಬೆರಳು ಹಾಕಿ ನೋಡು. ಅಂಗೈಯಷ್ಟು ಚೂರು ಒಳಗೆ ಉಳ್ಕೊಂಡ್ರೂ ಕುದುರೆ ಉಳಿಯಲ್ಲ." ನೋಡಿದ ಮೇಲೆ ಲಾಯದ ಸ್ಲೇಟಿನ ಮೇಲೆ ನಿನ್ನ ಸಹಿ.

ಟ್ಯಾನ್ಸಿ ಈದದ್ದು ಹಾಡುಹಗಲಲ್ಲಿ, ಅದೂ ಚೆಲ್ಟೆನ್‌ಹ್ಯಾಮ್ ರೇಸಿನ ದಿನ. ನಮ್ಮ ಲಾಯದಲ್ಲಿ ಹುಟ್ಟಿದ ಕುದುರೆಯೊಂದು ಮೊದಲ ಬಾರಿ ಅಲ್ಲಿ ಓಡುವುದಿತ್ತು. ಇಡೀ ಫಾರ್ಮು ಹ್ಯಾಕೆಟ್ ಯಜಮಾನರ ಅಡುಗೆಮನೆಯ ಟೀವಿ ಮುಂದೆ. ಮರಿಯ ಕಾಲಿಗೆ ಬಲವಿರಲಿಲ್ಲ, ನೀನು ಅದನ್ನು ತೋಳಲ್ಲಿ ಎತ್ತಿ ಹಿಡಿದು ಗಿಣ್ಣುಹಾಲು ಕುಡಿಸುತ್ತಿದ್ದೆ. "ಮಾಸು ಬಿತ್ತು ಕಣೋ, ಹರಡಿ ನೋಡು" ಎಂದೆ. ನಾನು ಅದನ್ನು ಬಕೆಟ್ಟಿನಲ್ಲಿ ಹೊತ್ತು ಅಂಗಳಕ್ಕೆ ಬಂದೆ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಗದ್ದಲ ಎದ್ದಿತು. ಬಕೆಟ್ ಅರ್ಧ ಬಗ್ಗಿಸಿದೆ, ದೊಡ್ಡ ಕಾಲು ಕಂಡಿತು, ಹಾಗೇ ಬಕೆಟ್ಟಿನೊಳಗೆ ನೂಕಿದೆ. "ಎರಡೂ ಪೂರ್ತಿ ಇವೆ" ಎಂದು ಕೂಗಿ ಓಡಿದೆ. ನನ್ನನ್ನು ನಂಬಿ ನೀನು ಸಹಿ ಹಾಕಿದೆ. ನಮ್ಮ ಕುದುರೆ ನಾಲ್ಕನೆಯದಾಗಿ ಬಂತು.

ಮೂರನೇ ದಿನ ಟ್ಯಾನ್ಸಿಗೆ ಜ್ವರ. ಡಾಕ್ಟರು ಗರ್ಭಕೋಶ ತೊಳೆದಾಗ ಒಳಗೆ ಉಳಿದಿದ್ದ ಚಿಕ್ಕ ಕಾಲಿನ ತುದಿಯ ಚೂರು ಹೊರಬಂತು. ಆದರೆ ನಂಜು ಗೊರಸಿಗೆ ಇಳಿದಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಆರನೇ ದಿನ ಅದಕ್ಕೆ ನಿಲ್ಲಲೂ ಆಗಲಿಲ್ಲ, ಡಾಕ್ಟರು ಮದ್ದು ಚುಚ್ಚಿ ಅದರ ಪ್ರಾಣ ಬಿಡಿಸಿದರು. ಹ್ಯಾಕೆಟ್ ಸ್ಲೇಟು ಹಿಡಿದು ಅಂಗಳಕ್ಕೆ ಬಂದು "ಮಾಸು ನೋಡಿದ್ಯಾರು?" ಎಂದರು. "ಸಹಿ ನಂದು" ಎಂದೆ ನೀನು. ಆಮೇಲೆ ನನ್ನ ಕಡೆ ತಿರುಗಿ ನೋಡಿದೆ.

ನಾನು ಟ್ಯಾನ್ಸಿಯ ಮರಿಗೆ ಬಾಟಲಿ ಹಾಲು ಕುಡಿಸುತ್ತಿದ್ದೆ. ತಲೆ ಎತ್ತಲಿಲ್ಲ. ಈಸ್ಟರ್‌ಗೆ ಮೊದಲೇ ನೀನು ಕೆಲಸ ಬಿಟ್ಟು ಹೋಗಬೇಕಾಯಿತು. ಆ ಮರಿ ನನ್ನನ್ನೇ ತಾಯಿ ಎಂದುಕೊಂಡು ಬೇಸಿಗೆಯಿಡೀ ನನ್ನ ಹಿಂದೆ ಹಿಂದೆ ತಿರುಗಿತು. ಅದಕ್ಕಿಂತ ದೊಡ್ಡ ಶಿಕ್ಷೆ ಯಾರೂ ಕೊಡಲಾರರು.

ಫಾರ್ಮಿನವರು ಕೊಟ್ಟ ಮನೆಯಲ್ಲಿ ನನ್ನ ಅಮ್ಮ ಹಾಸಿಗೆ ಹಿಡಿದಿದ್ದಳು. ನನ್ನ ಕೆಲಸ ಹೋದರೆ ಅವಳು ಬೀದಿಗೆ ಬೀಳುತ್ತಾಳೆ ಎಂದು ನೀನು ತಪ್ಪು ಮೈಮೇಲೆ ಹಾಕಿಕೊಂಡೆ ಅಂತ ಎಷ್ಟೋ ವರ್ಷ ನಂಬಿದ್ದೆ. ಹಾಗೆ ನಂಬಿದರೆ ನಿದ್ದೆ ಬರುತ್ತಿತ್ತು. ಈಗ ಅರವತ್ತು ದಾಟಿದ ಮೇಲೆ ಅನ್ನಿಸುತ್ತದೆ, ನೀನು ಯಾವ ತ್ಯಾಗಕ್ಕೂ ಹೊರಟಿರಲಿಲ್ಲ. ನಾನೇ ಬಾಯಿ ಬಿಡಲಿ ಎಂದು ಒಂದು ಗಳಿಗೆ ಸಮಯ ಕೊಟ್ಟೆ, ಅಷ್ಟೇ. ನಾನು ಅಷ್ಟೂ ವರ್ಷ ತೆಗೆದುಕೊಂಡೆ.

ಯಜಮಾನರು ತೀರಿಹೋದರು. ಅವರ ಮಗ ಹೊಸ ಹೆರಿಗೆ ಲಾಯ ಕಟ್ಟಿಸಿ ಬಾಗಿಲ ಮೇಲೆ ನನ್ನ ಹೆಸರು ಹಾಕಿಸುತ್ತೇನೆ ಎಂದ. ಕಳೆದ ಮಂಗಳವಾರ ಟೀ ಹೊತ್ತಿನಲ್ಲಿ ಎಲ್ಲರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ "ಆ ಕುದುರೇನೂ ಇಲ್ಲ, ನಮ್ಮಪ್ಪನೂ ಇಲ್ಲ. ಈಗ್ಯಾರಿಗೆ ಬೇಕು ಅದು, ಬಿಡು ಫಿಂಟನ್" ಎಂದ. "ಡಿಂಪ್ನಾ ಇದ್ದಾಳೆ" ಎಂದೆ. ಬಾಗಿಲ ಮೇಲೆ ನನ್ನ ಹೆಸರು ಬೇಡವೆಂದೂ ಹೇಳಿದ್ದೇನೆ, ಅದಕ್ಕೆ ಅವನಿಗೆ ಸಿಟ್ಟಿದೆ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಪ್ರತಿ ಮಾರ್ಚಿನಲ್ಲೂ ನೀನು ಓರ್ಲಾಗೆ ಫೋನ್ ಮಾಡಿ "ಹ್ಯಾಕೆಟ್ ಲಾಯದಲ್ಲಿ ಎಷ್ಟು ಈದ್ವಂತೆ, ಎಲ್ಲಾ ಚೆನ್ನಾಗಿವ್ಯಂತಾ?" ಎಂದು ಕೇಳುತ್ತೀಯಂತೆ. ಅವಳು ಬಾಯಿಗೆ ಬಂದ ಲೆಕ್ಕ ಹೇಳುತ್ತಾಳಂತೆ. ಇನ್ನು ಮೇಲೆ ಅವಳನ್ನು ಕೇಳಬೇಡ ಡಿಂಪ್ನಾ, ನನ್ನನ್ನು ಕೇಳು. ನೋಡಿಯೇ ಹೇಳುತ್ತೇನೆ.

ಓರ್ಲಾ ಹೇಳಿದ ನಿನ್ನ ಮೊಣಕಾಲಿನ ನೋವು ಇಳಿಯಲಿ, ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಕೈಕೆಳಗೆ ಕಲಿತ,
ಫಿಂಟನ್