ಒಂದು ತಂಬಿಗೆ ನೀರಿಗೆ

ಜೂನ್ 9, 2009, ಮಂಗಳವಾರ

ಇವತ್ತೂ ಮೆಡಿಕಲ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕರೆಂಟ್ ಹೋಯಿತು. ಮುಕ್ಕಾಲು ಪುಟ ಟೈಪ್ ಮಾಡಿದ್ದೆ, ಸೇವ್ ಮಾಡಿರಲಿಲ್ಲ. ಶುಭದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಸ್ಟೆಲ್ಲಿನಲ್ಲಿ ಇಬ್ಬರದೂ ಒಂದೇ ರೂಮು, ಜಗಳಾಡಿ ಹೋಗುವುದೆಲ್ಲಿಗೆ?

ಇದು ಸತ್ಯಬೋಧ ಸರ್ ಅವರ ಹೊಸ ಹುಚ್ಚು. ಕಮ್ಯುನಿಟಿ ಮೆಡಿಸಿನ್ ಕಲಿಸುತ್ತಾರೆ, ಊರ ಉಸಾಬರಿಯೆಲ್ಲ ಅವರದೇ. ನಮ್ಮ ಬ್ಯಾಚಿನ ಹತ್ತು ಮಂದಿ ಇಂಟರ್ನೆಟ್ಟಿನ ವಿಶ್ವಕೋಶಕ್ಕೆ ತಲಾ ಒಂದು ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರೆಯಬೇಕು. ಶುಭದಾಗೆ ರಕ್ತಹೀನತೆ. ನನಗೆ ಮಕ್ಕಳ ವಾಂತಿ-ಭೇದಿ. "ಇಳಕಲ್ಲಿನಾಕಿಗೆ ಸೀರಿ ಸಿಗಬೇಕಿತ್ತು, ಜುಲಾಬು ಸಿಕ್ತು ನೋಡು" ಅಂತ ಬಾದಾಮಿಯ ಶುಭದಾಳ ಕುಚೋದ್ಯ.

ನನ್ನ ಕರಡು ಓದಿ ಸರ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಹಾಗೆ ಮಾಡಿದರೆ ಬೈಗುಳ ಅಂತಲೇ ಲೆಕ್ಕ.

"ಪ್ರಿಯದರ್ಶಿನಿ, ಇದು ಪರೀಕ್ಷಾದ ಉತ್ತರ ಆತು. ನಿಮ್ಮ ಅವ್ವಗ ಓದಿ ಹೇಳಿದ್ರ ತಿಳೀಬೇಕು, ಹಂಗ ಬರೀರಿ. ಮಗ್ಗದ ಮನ್ಯಾಗ ಗ್ರಾಮು, ಮಿಲಿಲೀಟರು ಯಾರು ಅಳೀತಾರ?"

ಖರೆ ಅನ್ನಿಸಿತು. ಅವ್ವ ಅಳೆಯುವುದೆಲ್ಲ ತಂಬಿಗೆ, ಚಮಚ, ಮುಷ್ಟಿ.

ಜೂನ್ 13, ಶನಿವಾರ

ಮುಗಿಯಿತು! ಮನೆಯಲ್ಲೇ ಸಕ್ಕರೆ-ಉಪ್ಪಿನ ನೀರು ಮಾಡುವ ಭಾಗ ಎಲ್ಲರಿಗೂ ಹಿಡಿಸಿತು. ಪುಸ್ತಕದಲ್ಲಿ ಒಂದು ಲೀಟರ್ ನೀರು ಅಂತ ಇದೆ. ನಾನು ಬರೆದದ್ದು — "ಒಂದು ತಂಬಿಗೆ ಕಾಯಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು." ನಮ್ಮ ಮನೆಯ ತಾಮ್ರದ ತಂಬಿಗೆ ಸರಿಯಾಗಿ ಒಂದು ಲೀಟರ್. ಹಾಲಿನವನ ಅಳತೆಯಲ್ಲಿ ಹಿಂದೆ ಅಳೆದಿದ್ದೆ.

"ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ" ಅಂತ ಒಂದು ಸಾಲು ಇತ್ತು. ಶುಭದಾ ಬೇಡ ಅಂದಳು, ವಿಶ್ವಕೋಶಕ್ಕೆ ಒಪ್ಪುವುದಿಲ್ಲವಂತೆ. ತೆಗೆದೆ.

ಸರ್ ಓದಿ ಒಪ್ಪಿದರು, ಲೇಖನ ಇಂಟರ್ನೆಟ್ಟಿಗೆ ಹೋಯಿತು. ಪ್ರಿಂಟ್ ತೆಗೆದು ಅಪ್ಪನಿಗೆ ಪೋಸ್ಟ್ ಮಾಡಿದೆ. ನಾಲ್ಕು ವರ್ಷದಿಂದ ಸೀರೆ ನೇಯ್ದು ಓದಿಸುತ್ತಿದ್ದಾನೆ, ಮಗಳು ಮಾಡಿದ್ದು ಏನಾದರೂ ಕೈಯಲ್ಲಿ ಹಿಡಿಯಲಿ.

ಜೂನ್ 28, ರವಿವಾರ, ಇಳಕಲ್

ಗಡಬಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನನಗೇ ಓದಲು ಬರುವುದಿಲ್ಲ.

ಬೆಳಿಗ್ಗೆ ಬಸ್ಸಿಳಿದು ಓಣಿಗೆ ಬಂದರೆ ಹಿಟ್ಟಿನ ಗಿರಣಿ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ನನ್ನ ಸಾಲುಗಳು. ಕೆಳಗೆ ದಪ್ಪ ಅಕ್ಷರದಲ್ಲಿ — "ಬರೆದವರು: ಕು. ಪ್ರಿಯದರ್ಶಿನಿ, ನಮ್ಮೂರ ಡಾಕ್ಟರ್." ಅಪ್ಪ ಮಗ್ಗ ಬಿಟ್ಟು ಓಡಿ ಬಂದ. ಅಹ್ಮದಸಾಬರ ಝೆರಾಕ್ಸ್ ಅಂಗಡಿಯಲ್ಲಿ ಇನ್ನೂರು ಪ್ರತಿ ತೆಗೆಸಿ ಮನೆಮನೆಗೆ ಹಂಚಿದ್ದಾನೆ.

"ಅಪ್ಪಾ, ನಾ ಇನ್ನೂ ಡಾಕ್ಟರ್ ಆಗಿಲ್ಲ."

"ಆಗಾಕಿ ಅಲ್ಲೇನು? ಒಂದೀಟು ಮುಂಚೇಕ ಬರಿಸೀನಿ, ತಗಿ."

ನಗು ಬಂತು ಆಗ. ಆಮೇಲೆ ಪಕ್ಕದ ಸಕ್ರವ್ವ ಆಯಿ ಕರೆದಳು. ಕಟ್ಟೆಯ ಮೇಲೆ ಮೊಮ್ಮಗನನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಎಂಟು ತಿಂಗಳ ಕೂಸು, ಹಾಲುಗೆನ್ನೆ. "ನಿನ್ನ ಚೀಟಿ ದೇವರ ಜಗಲಿ ಮ್ಯಾಲ ಇಟ್ಟೀನವ್ವ" ಅಂದಳು. ಕುಡಿಯಲು ನೀರು ಕೊಟ್ಟಳು. ತಂಬಿಗೆಯಲ್ಲಿ.

ಸ್ಟೀಲಿನದು. ನಾಲ್ಕು ಗುಟುಕಿಗೆ ಅರ್ಧ ಖಾಲಿ.

ಬ್ಯಾಗಿನಲ್ಲಿ ಒಂದು ಲೀಟರಿನ ಬಾಟಲಿ ಇತ್ತು. ತುಂಬಿ, ಆ ತಂಬಿಗೆಗೆ ಸುರಿದೆ. ಅರ್ಧ ಬಾಟಲಿ ಕೂಡ ಹಿಡಿಯಲಿಲ್ಲ. ಚಮಚ ಕೇಳಿದೆ. ಪಲ್ಯ ಬಡಿಸುವ ಚಮಚ ತಂದಳು! ಪುಸ್ತಕದ್ದು ಚಹಾ ಚಮಚ, ಅದೂ ಮಟ್ಟಸವಾಗಿ ತುಂಬಿದ್ದು. ನಾನು ಯಾವುದನ್ನೂ ಬರೆದಿಲ್ಲ. ಇನ್ನೂ ಮೂರು ಮನೆಗೆ ಬಾಟಲಿ ಹಿಡಿದುಕೊಂಡು ಹೋದೆ. ಒಂದೊಂದು ಮನೆಯಲ್ಲಿ ಒಂದೊಂದು ತಂಬಿಗೆ. "ಡಾಕ್ಟರ್ ಆಗಾಕ ಹೋಗಿ ನೀರ ಮಾರಾಕ ಬಂದಿ ಏನ?" ಅಂತ ಹೆಂಗಸರು ನಕ್ಕರು.

ಲೆಕ್ಕ ಹಾಕಿದೆ. ಸಣ್ಣ ತಂಬಿಗೆ, ದೊಡ್ಡ ಚಮಚ ಎರಡೂ ಸೇರಿದರೆ ಉಪ್ಪು ಐದಾರು ಪಟ್ಟು. ನೀರು ಕಳೆದುಕೊಂಡ ಕೂಸಿಗೆ ಅದನ್ನು ಕುಡಿಸಿದರೆ ಔಷಧವಲ್ಲ, ವಿಷ.

ಹೇಳಬೇಕಿತ್ತು. ಅಪ್ಪ ಹಿಂದೆಯೇ ನಿಂತಿದ್ದ, ಮುಖ ಊರಗಲ. "ನೋಡ್ರಿ, ನಮ್ಮಾಕಿ ಎಲ್ಲಾ ಅಳದs ಹೇಳತಾಳ" ಅನ್ನುತ್ತಿದ್ದ. ಬಾಟಲಿ ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ.

ಅಡಿಗೆಮನೆಯಲ್ಲಿ ಅವ್ವನಿಗೆ ಮಾತ್ರ ಹೇಳಿದೆ. ಒಲೆಯ ಉರಿ ತಗ್ಗಿಸಿ ನನ್ನ ಕಡೆ ತಿರುಗಿದಳು.

"ಅಪ್ಪನ ಮುಂದ ಆಡಬ್ಯಾಡ. ಭಾಳ ಹಿಗ್ಗ್ಯಾನ. ನಾ ಒಂದೊಂದ ಮನಿಗೆ ಹೋಗಿ ಹೇಳ್ತೇನಿ, ನೀ ನಿಶ್ಚಿಂತಿ ಹೋಗು."

ಗಿರಣಿ ಬಾಗಿಲಿನ ಕಾಗದ ಕಿತ್ತುಕೊಂಡು ಬಂದಿದ್ದೇನೆ. ಉಳಿದದ್ದು ನೂರಾ ತೊಂಬತ್ತೊಂಬತ್ತು.

ಜೂನ್ 29, ಸೋಮವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನೇರ ಲ್ಯಾಬಿಗೆ. ಲೇಖನ ತಿದ್ದಿದೆ — ಒಂದು ಲೀಟರ್, ಮಟ್ಟಸ ಚಹಾ ಚಮಚ. ಎರಡು ನಿಮಿಷದ ಕೆಲಸ.

ಶುಭದಾ ಕೇಳಿದಳು, ಏನು ಬದಲಾಯಿಸಿದೆ ಅಂತ. "ಭಾಷಾ" ಅಂದೆ. ಹಳೆಯ ಬರಹವೂ ಆ ಪುಟದ ಇತಿಹಾಸದಲ್ಲಿ ಹಾಗೇ ಉಳಿಯುತ್ತದೆ, ದಿನಾಂಕ ಸಮೇತ, ನನ್ನ ಹೆಸರಿನ ಕೆಳಗೆ. ಯಾರಾದರೂ ತೆಗೆದು ನೋಡಿದರೆ? ಸರ್ ನೋಡಿದರೆ?

ಜುಲೈ 8, ಬುಧವಾರ, ಮಧ್ಯಾಹ್ನ 1.15

ಒಂಬತ್ತು ದಿನ ಏನೂ ಬರೆಯಲಿಲ್ಲ. ಅವ್ವನಿಗೆ ಒಮ್ಮೆ ಫೋನ್ ಮಾಡಿದೆ. "ಹೇಳೀನವ್ವ ಎಲ್ಲಾರಿಗೂ" ಅಂದಳು. ನಂಬಿ ನಿದ್ದೆ ಮಾಡಿದೆ.

ಈ ವಾರ ಮಕ್ಕಳ ವಾರ್ಡಿನ ಪೋಸ್ಟಿಂಗ್. ಬೆಳಿಗ್ಗೆ ಹತ್ತಕ್ಕೆ ಬಾಗಿಲಲ್ಲಿ ಸಕ್ರವ್ವ. ಸೆರಗಿನಲ್ಲಿ ಕೂಸು. ಹಿಂದೆ ಅದರ ತಾಯಿ, ಅತ್ತು ಅತ್ತು ದನಿ ಹೋಗಿದೆ. ನನ್ನನ್ನು ಕಂಡು ಆಯಿಯ ಮುಖ ಅರಳಿತು.

"ನೀ ಇದ್ದೆಲ್ಲ, ಜೀವ ಬಂತು. ಎರಡ ದಿನ ಜುಲಾಬು. ನಿನ್ನ ಚೀಟಿ ಓದಿಸಿಕೊಂಡು ಹಂಗs ಮಾಡಿ ಕುಡಿಸೀನಿ, ಒಂದ ಹನಿ ಬಿಟ್ಟಿಲ್ಲ. ಕುಡಿದಷ್ಟೂ ನೀರಡಿಕಿ ಅಂತೈತಿ."

ಅವ್ವ ಹೇಳಿಲ್ಲವೇ? ಹೊರಗೆ ಓಡಿ ಫೋನ್ ಮಾಡಿದೆ. "ಆಕಿ ಅವತ್ತs ಕೂಸಿನ್ನ ಕರಕೊಂಡು ಹುನಗುಂದಕ್ಕ ತಂಗಿ ಮನಿಗೆ ಹೋಗಿದ್ಲು. ಬಂದ ಮ್ಯಾಲ ಹೇಳೂಣಂತ... ಮರತೆನವ್ವ. ಯಾಕ, ಏನಾತು?" ಫೋನ್ ಇಟ್ಟುಬಿಟ್ಟೆ.

ಒಳಗೆ ಬಂದರೆ ಪಿ.ಜಿ. ಡಾಕ್ಟರ್ ವೀರೇಶ ಸಲೈನ್ ಹಚ್ಚಿದ್ದರು. ಸಾದಾ ಭೇದಿ ಅಂತ ತಿಳಿದು ಜೋರಾಗಿ ಬಿಟ್ಟಿದ್ದರು. ರಕ್ತದಲ್ಲಿ ಉಪ್ಪು ಏರಿದ ಕೂಸಿಗೆ ನೀರು ಗಡಬಡಿಯಿಂದ ಹೋದರೆ ಮಿದುಳು ಊದುತ್ತದೆ, ಫಿಟ್ಸ್ ಬರುತ್ತದೆ. ಹೋದ ತಿಂಗಳು ಓದಿದ್ದೆ. ಲ್ಯಾಬ್ ರಿಪೋರ್ಟ್ ಬರುವುದು ಸಂಜೆಗೆ. ಅಲ್ಲಿಯವರೆಗೆ ಈ ವಾರ್ಡಿನಲ್ಲಿ ಉಪ್ಪಿನ ಸಂಗತಿ ಗೊತ್ತಿದ್ದವಳು ನಾನೊಬ್ಬಳೇ.

ಹೇಳಿದೆ. ಆದರೆ ಹೇಗೆ ಹೇಳಿದೆ! "ಸರ್, ಮನ್ಯಾಗ ಉಪ್ಪು ಭಾಳ ಹಾಕ್ಯಾರಂತ್ರಿ."

ಅಷ್ಟೇ. ಯಾರ ಮಾತು ಕೇಳಿ ಹಾಕಿದರು ಅಂತ ಹೇಳಲಿಲ್ಲ.

ಅವರು ಕೂಸಿನ ಹೊಟ್ಟೆಯ ಚರ್ಮ ಒತ್ತಿ ನೋಡಿದರು. ತಕ್ಷಣ ಸಲೈನ್ ನಿಧಾನ ಮಾಡಿದರು. ಆಮೇಲೆ ಆಯಿಯ ಕಡೆ ತಿರುಗಿದರು.

"ಏನಜ್ಜಿ, ಕೂಸಿಗೆ ನೀರ ಕುಡಿಸಿದ್ಯೋ, ಉಪ್ಪಿನಕಾಯಿ ಹಾಕಿದ್ಯೋ? ಬುದ್ಧಿ ಬ್ಯಾಡ?"

ಇಡೀ ವಾರ್ಡು ತಿರುಗಿ ನೋಡಿತು. ಸಕ್ರವ್ವ ನನ್ನನ್ನು ನೋಡಿದಳು. ಈಗ ಹೇಳುತ್ತಾಳೆ ಅಂದುಕೊಂಡೆ.

"ನನ್ನ ಕೈಯಾಗs ಹೆಚ್ಚಾಗಿರಬೇಕ್ರಿ ಸಾಹೇಬ್ರ. ನಾ ಸಾಲಿ ಕಲಿತಾಕಿ ಅಲ್ರಿ."

ನಾನು ಕೇಸ್ ಶೀಟು ಬರೆಯುತ್ತ ನಿಂತೆ. ಡಾಕ್ಟರ್ ವೀರೇಶ ಹೋಗುವಾಗ ಬೆನ್ನು ತಟ್ಟಿದರು. "ಭಲೆ, ಹಿಸ್ಟರಿ ಛಲೋ ತಗೊಂಡಿ."

ಆಯಿಯ ಕಡೆ ನೋಡದೆ ಹೊರಗೆ ಬಂದೆ.

ಜುಲೈ 8, ಸಂಜೆ 6

ರಿಪೋರ್ಟ್ ಬಂತು. ಸೋಡಿಯಂ 168. ನೂರಾ ನಲವತ್ತೈದರ ಒಳಗೆ ಇರಬೇಕಾದದ್ದು.

ಕೂಸು ಕಿರುಚುತ್ತಿದೆ, ತೆಳ್ಳನೆಯ ದನಿ. ದೇವರೇ ನನ್ನ ಹೆಸರು ಹೊರಗೆ ಬರದಿರಲಿ ಅಂತ ಬೇಡಿಕೊಂಡೆ. ಬೇಡಿದ ಮೇಲೆ ಹೊಳೆಯಿತು, ಕೂಸು ಬದುಕಲಿ ಅಂತ ಮೊದಲು ಕೇಳಲಿಲ್ಲ. ಎಂಥ ಡಾಕ್ಟರ್ ಆಗುತ್ತೇನೆ ನಾನು?

ಜುಲೈ 9, ಗುರುವಾರ

ಬೆಳಗಿನ ಜಾವ ಒಮ್ಮೆ ಫಿಟ್ಸ್ ಬಂತಂತೆ. ಒಂದು ನಿಮಿಷ. ಈಗ ಸೋಡಿಯಂ 161. ನಿಧಾನ ಇಳಿಯಬೇಕು, ಇಳಿಯುತ್ತಿದೆ.

ಸತ್ಯಬೋಧ ಸರ್ ಕಾರಿಡಾರಿನಲ್ಲಿ ಸಿಕ್ಕರು. "ನಿಮ್ಮ ಲೇಖನ ಭಾಳ ಮಂದಿ ಓದಲಿಕ್ಕೆ ಹತ್ಯಾರ" ಅಂದರು, ನಗುತ್ತ. ಸರ್, ಒಂದು ಮಾತು ಅಂದೆ. ನಿಂತರು. ಇಂಟರ್ನಲ್ಸ್ ಪರೀಕ್ಷೆ ಯಾವಾಗ ಅಂತ ಕೇಳಿದೆ. ನಾಚಿಕೆಗೇಡು.

ಜುಲೈ 10, ಶುಕ್ರವಾರ, ಬೆಳಿಗ್ಗೆ 10.30

ಕೂಸು ಕಣ್ಣು ಹೊರಳಿಸಿ ತಾಯಿಯನ್ನು ನೋಡಿತು. ಮೊಲೆ ಕುಡಿಯಿತು. ಸೋಡಿಯಂ 152. ಡಾಕ್ಟರ್ ವೀರೇಶ "ಗಂಡಾಂತರ ಕಳೀತು" ಅಂದರು. ಅಳು ಬಂತು, ಎಲ್ಲರೆದುರೇ ಅತ್ತೆ.

ಸಕ್ರವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಹತ್ತಿರ ಕೂರಿಸಿಕೊಂಡು ಪಿಸುಗುಟ್ಟಿದಳು.

"ನೀ ಹೆದರಬ್ಯಾಡವ್ವ, ನಿನ್ನ ಹೆಸರ ಯಾರ ಮುಂದೂ ತಗದಿಲ್ಲ. ತಪ್ಪು ಚೀಟಿದಲ್ಲ, ನಂದು. ಹುನಗುಂದದಾಗ ನನ್ನ ತಂಗಿ ಸಾವಿತ್ರೆವ್ವ ಅದಾಳಲ್ಲ, ಆಕಿ ಮೊಮ್ಮಗಳಿಗೂ ನಿನ್ನೆಯಿಂದ ಜುಲಾಬು ಹತ್ತೇತಂತ. ಅವರ ಮನಿಯವರು ಇಲ್ಲಿಗೆ ಬಂದಿದ್ರು. ಬಿಗಿ ಮಾಡಿ ಹೇಳಿ ಕಳಿಸೀನಿ — ಅವತ್ತ ನಾ ಒಯ್ದು ಕೊಟ್ಟ ಇನ್ನೊಂದು ಚೀಟಿಯಾಗ ಹೆಂಗೈತಿ ಹಂಗs ಹಾಕ್ರಿ, ನನ್ನಂಗ ತಪ್ಪಬ್ಯಾಡ್ರಿ ಅಂತ."

ಎಷ್ಟು ತಿಂಗಳ ಕೂಸು ಅಂತ ಕೇಳಿದೆ.

"ನಾಕು ತುಂಬಿ ಐದು."

ಜುಲೈ 10, ಮಧ್ಯಾಹ್ನ 12.40, ಬಸ್ಸಿನಲ್ಲಿ

ಕುಲುಕಾಟ. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಆ ಮನೆಯಲ್ಲಿ ಫೋನಿಲ್ಲ. ಪಕ್ಕದ ಮನೆಯ ನಂಬರ್ ಆಯಿಗೆ ಗೊತ್ತಿಲ್ಲ. ಕೋರ್ಟಿನ ಹಿಂದಿನ ಓಣಿ, ಬೇವಿನ ಗಿಡದ ಮುಂದಿನ ಮನೆ, ಇಷ್ಟೇ ಗುರುತು. ವಾರ್ಡಿನಿಂದ ನಾಲ್ಕು ಓ.ಆರ್.ಎಸ್. ಪೊಟ್ಟಣ ಇಸಿದುಕೊಂಡು ಓಡಿ ಬಂದೆ. ಆಯಿಗೆ ಏನೂ ಹೇಳಲಿಲ್ಲ. ಇವಳು ಯಾಕೆ ಎದ್ದು ಓಡಿದಳು ಅಂತ ಈಗಲೂ ಬಾಗಿಲು ನೋಡುತ್ತಿರಬೇಕು. ಬುಧವಾರ ವಾರ್ಡಿನಲ್ಲಿ ಒಂದು ಮಾತು ಹೇಳಿದ್ದರೆ ಅವಳು ಈ ಸುದ್ದಿ ಕಳಿಸುತ್ತಿರಲಿಲ್ಲ. ಚೀಟಿಯಲ್ಲಿ ಅಳತೆ ತಪ್ಪಿದ್ದು ತಿಳಿಯದೆ ಆದದ್ದು. ಇದು ಹಾಗಲ್ಲ. ಇದು ತಿಳಿದು ಮಾಡಿದ್ದು.

ನಿನ್ನೆಯಿಂದ ಅಂದರೆ ಎಷ್ಟು ಸಲ ಕುಡಿಸಿರಬಹುದು? ನಾಲ್ಕು? ಆರು? ಐದು ತಿಂಗಳು ಕೂಡ ತುಂಬದ ಕೂಸು.

ಅಮೀನಗಡದಲ್ಲಿ ಹತ್ತು ನಿಮಿಷ ನಿಲ್ಲಿಸಿದ. ಕಂಡಕ್ಟರ್ ಚಹಾ ಕುಡಿಯುತ್ತಿದ್ದ. ಕೈಮುಗಿದು ಕೇಳಿದೆ, ಬೇಗ ಬಿಡ್ರಿ ಅಂತ. ದವಾಖಾನಿ ಕೋಟು ನೋಡಿ ಎದ್ದ.

ಬಾಗಿಲಲ್ಲಿ ಏನು ಹೇಳಲಿ? ಚೀಟಿ ಬರೆದಾಕಿ ಅಂದರೆ ಚಾಪೆ ಹಾಸಿ ಕೂರಿಸುತ್ತಾರೆ, ಚಹಾ ಇಡುತ್ತಾರೆ. ಉಪ್ಪು ಹೆಚ್ಚಾಯಿತು ಅಂದರೆ ಆ ಮನೆಯ ಹೆಂಗಸೂ ಸಕ್ರವ್ವನ ಹಾಗೆ 'ನನ್ನ ಕೈ ತಪ್ಪಿತು' ಅನ್ನುತ್ತಾಳೆ. ಹಾಗೆ ಅನ್ನಿಸಬಾರದು. ಓಣಿಯವರೆಲ್ಲ ಕೇಳುವ ಹಾಗೆ ಹೇಳಬೇಕು. ಅಪ್ಪನ ಕಿವಿಗೂ ಹೋಗಲಿ. ಸರ್‌ಗೂ ಹೋಗಲಿ.

ಹುನಗುಂದ ಬಂತು. ಜನ ಏಳುತ್ತಿದ್ದಾರೆ. ಇಷ್ಟೇ ಹೇಳಬೇಕಾದದ್ದು, ಬಾಯಿಪಾಠ ಮಾಡುತ್ತಿದ್ದೇನೆ — ಯವ್ವಾ, ಆ ನೀರ ಚೆಲ್ರಿ, ನಿಮ್ಮ ಕೈದಲ್ಲ ತಪ್ಪು, ಚೀಟಿ ನಾ ಬರ್ದದ್ದು, ನಾ