ಮುತ್ತಜ್ಜನ ಜೊತೆ ಹೋಗುತ್ತಿದ್ದೆಯಾ

ಕೋಲ್ಸ್‌ಬರ್ಗ್
ಶುಕ್ರವಾರ, 16 ಜನವರಿ 1987

ಪ್ರೀತಿಯ ಗಿಡಿಯನ್,

ಸೇನೆಯಿಂದ ವಿನಾಯಿತಿ ಕೋರಿ ನಮ್ಮ ರೈನಿಯರ್ ಹಾಕಿದ ಅರ್ಜಿಯ ಮೇಲೆ ಮಂಡಳಿ ತೀರ್ಮಾನ ಕೊಟ್ಟಿಲ್ಲ. ವಿಚಾರಣೆಯನ್ನು ಇದೇ 29ರ ಗುರುವಾರಕ್ಕೆ ಮುಂದೂಡಿದೆ, ಅಷ್ಟರೊಳಗೆ ಅರ್ಜಿದಾರನ ತಂದೆಯ ಲಿಖಿತ ಹೇಳಿಕೆ ಬೇಕು ಎಂದಿದೆ. ಇಂದು ಬೆಳಿಗ್ಗೆ ವಕೀಲ ಸ್ಟ್ರೈಡಮ್ ಫೋನ್ ಮಾಡಿ ತಿಳಿಸಿದರು. ಕ್ಷೇಮ ಕೇಳುವ ಮೊದಲೇ ಸುದ್ದಿ ಬರೆದೆನೆಂದು ಬೇಸರಪಡಬೇಡಿ. ಲಕೋಟೆ ಒಡೆದ ಕೂಡಲೇ ನಿಮ್ಮ ಕಣ್ಣು ಅದನ್ನೇ ಹುಡುಕುತ್ತದೆಂದು ನನಗೆ ಗೊತ್ತು.

ನೀವು ಹೇಗಿದ್ದೀರಿ? ಮಲೇರಿಯಾ ಮಾತ್ರೆ ತಪ್ಪದೆ ನುಂಗುತ್ತಿದ್ದೀರಾ, ಅಥವಾ ಹುಡುಗರಿಗೆ ಹಂಚಿ ನಿಮ್ಮದನ್ನು ಮರೆಯುತ್ತೀರಾ? ಗಡಿಯಲ್ಲಿ ಮಳೆ ಶುರುವಾಗಿದೆಯೆಂದು ರೇಡಿಯೋದಲ್ಲಿ ಹೇಳಿದರು. ಇಲ್ಲಿ ಹನಿಯೂ ಇಲ್ಲ. ಪೀಚ್ ಹಣ್ಣೆಲ್ಲ ಒಟ್ಟಿಗೇ ಮಾಗಿವೆ, ಅಡುಗೆಮನೆ ತುಂಬ ಸಕ್ಕರೆ ಪಾಕದ ವಾಸನೆ, ನೊಣಗಳಿಗೆ ಹಬ್ಬ. ನಿಮ್ಮ ಅಮ್ಮನ ಮಂಡಿ ನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ.

ಬುಧವಾರದ ವಿಚಾರಣೆಗೆ ನಾನೂ ಬ್ಲೂಮ್‌ಫಾಂಟೇನ್‌ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಆದ್ದರಿಂದ ಮುಂದೆ ಬರೆಯುವುದು ಕೇಳಿದ ಮಾತಲ್ಲ, ಕಂಡದ್ದು. ಮೇಜಿನ ಹಿಂದೆ ನ್ಯಾಯಾಧೀಶರು, ಸೇನೆಯವರೊಬ್ಬರು, ನಿಮ್ಮ ಹಾಗೆಯೇ ಸೇನಾ ಪಾದ್ರಿಯೊಬ್ಬರು, ಇಬ್ಬರು ದೇವಶಾಸ್ತ್ರದ ಪ್ರಾಧ್ಯಾಪಕರು. ಯಾರೂ ಗದರಲಿಲ್ಲ, ಹಂಗಿಸಲಿಲ್ಲ. ನನಗೆ ಅದೇ ಕಷ್ಟವಾಯಿತು. ಕೆಟ್ಟವರಾಗಿದ್ದರೆ ಸಿಟ್ಟು ಮಾಡಿಕೊಂಡು ಮನೆಗೆ ಬರಬಹುದಿತ್ತು. ನ್ಯಾಯಾಧೀಶರು ನಮ್ಮ ಹುಡುಗನಿಗೆ ನೀರು ಕೊಡಿಸಿದರು, ಕೂತುಕೊಂಡೇ ಮಾತಾಡು ಎಂದರು. ಇವನು ನಿಂತೇ ಇದ್ದ. ನೀವು ಬಿಟ್ಟುಹೋದ ಬೂದು ಕೋಟು ಹಾಕಿದ್ದ, ಭುಜ ಸ್ವಲ್ಪ ಸಡಿಲ.

ಯಾಕೆ ಸೇನೆಗೆ ಹೋಗುವುದಿಲ್ಲ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ನಿಮಗೆ ಗೊತ್ತಿರುವುದೇ, ಕ್ರಿಸ್ಮಸ್‌ನಲ್ಲಿ ನಿಮ್ಮ ಎದುರಿಗೇ ಹೇಳಿದ್ದ. ಆದರೆ ಅಪರಿಚಿತರ ಮುಂದೆ ಹೇಳುವುದನ್ನು ಕೇಳಿದಾಗ ಬೇರೆಯೇ ಅನಿಸಿತು. "ರೈಲು ಹಳಿ ಆಚೆಗಿನ ಕರಿಯರ ಚರ್ಚಿನಲ್ಲೂ ನಮ್ಮ ಕೀರ್ತನೆಗಳನ್ನೇ ಹಾಡ್ತಾರೆ ಸರ್, ಪ್ರಶ್ನೋತ್ತರ ಪಾಠನೂ ನಮ್ಮದೇ. ಶಿಕ್ಷಕ ತರಬೇತಿಗೆ ಅಂತ ಅಲ್ಲಿನ ಮಕ್ಕಳಿಗೆ ಒಂದು ವರ್ಷ ಪಾಠ ಹೇಳಿದ್ದೀನಿ. ಈಗ ಅವರ ಬೀದಿಗೇ ಸೈನಿಕರನ್ನ ಕಳಿಸ್ತಿದ್ದಾರೆ. ನಾಳೆ ನನ್ನನ್ನೂ ಕಳಿಸಿದ್ರೆ, ಯಾರ ಮನೆ ಬಾಗಿಲು ಒದೆಯಲಿ? ಭಾನುವಾರ ಒಂದೇ ಕರ್ತನ ಮೇಜು, ಸೋಮವಾರ ಬಂದೂಕು, ಇದು ನನ್ನ ಕೈಲಾಗಲ್ಲ ಸರ್" ಎಂದ. ಸೇನಾ ಪಾದ್ರಿಯವರು ತಲೆ ತಗ್ಗಿಸಿ ಪೆನ್ನಿನ ಕ್ಯಾಪು ತಿರುಗಿಸುತ್ತಾ ಇದ್ದರು. ನನಗೆ ನಿಮ್ಮದೇ ನೆನಪಾಯಿತು.

ಆಮೇಲೆ ನರೆಗಡ್ಡದ ಪ್ರಾಧ್ಯಾಪಕರೊಬ್ಬರು ಅರ್ಜಿ ತಿರುವಿದರು. ಅದರಲ್ಲಿ ರೈನಿಯರ್ ನಿಮ್ಮ ಅಜ್ಜ ಕ್ರಿಸ್ಟೋಫೆಲ್ ಬಗ್ಗೆ ಬರೆದಿದ್ದ. 1914ರಲ್ಲಿ ಸರಕಾರ ಪಕ್ಕದ, ಜರ್ಮನರ ಕೈಯಲ್ಲಿದ್ದ ಸೌತ್ ವೆಸ್ಟ್ ಮೇಲೆ ದಂಡೆತ್ತಿ ಹೋಗೋಣ ಎಂದಾಗ, ನಮಗೆ ಕೇಡು ಮಾಡದ ನೆರೆಯವನ ಮೇಲೆ ಏರಿಹೋಗುವುದು ದೇವರಿಗೆ ಒಪ್ಪಿಗೆಯಲ್ಲ ಎಂದು ಅವರು ದಂಗೆಕೋರರ ಜೊತೆ ಸೇರಿದ್ದು, ಜೈಲು ಕಂಡದ್ದು, ಎಲ್ಲ. ಆ ಭಾಗ ಬರೆಸಿದ್ದು ನಿಮ್ಮ ಅಮ್ಮ. "ನನ್ನಪ್ಪನ ಹೆಸರು ಹಾಕೋ ಮಗಾ, ಅಲ್ಲಿ ಕೂತಿರೋರೆಲ್ಲ ನಮ್ಮೋರೇ, ಎದ್ದು ನಿಂತು ಕೈ ಕುಲುಕ್ತಾರೆ" ಎಂದು ಹಟ ಹಿಡಿದಿದ್ದರು. ನಾನೂ ಬೇಡವೆನ್ನಲಿಲ್ಲ. ನಡುಮನೆಯ ಗೋಡೆಯಲ್ಲಿ ಚಿತ್ರ ನೇತುಹಾಕಿಕೊಂಡು ಎಪ್ಪತ್ತು ವರ್ಷ ಮನೆಯವರೆಲ್ಲ ಹೆಮ್ಮೆಪಟ್ಟ ಮನುಷ್ಯ ಮೊಮ್ಮಗನ ಮಗನಿಗೆ ಅಡ್ಡ ಬರುತ್ತಾನೆಂದು ಯಾರು ಎಣಿಸುತ್ತಾರೆ?

ಪ್ರಾಧ್ಯಾಪಕರು ಮೆತ್ತಗೆ ಕೇಳಿದರು: "ನಿಮ್ಮ ಮುತ್ತಜ್ಜ ಬರಿಗೈಲಿ ಹೋಗಿರಲಿಲ್ಲ, ಅಲ್ವಾ?" ರೈನಿಯರ್ "ಇಲ್ಲ ಸರ್, ಕುದುರೆ, ಬಂದೂಕು ಎರಡೂ ಇತ್ತು" ಎಂದ. "ನೀನು ಆಗ ಇದ್ದಿದ್ರೆ ಅವರ ಜೊತೆ ಹೋಗ್ತಿದ್ದೆಯಾ?"

ವಕೀಲರು ಕೆಮ್ಮಿದರು. ಇಲ್ಲ ಎಂದುಬಿಟ್ಟರೆ ಅರ್ಜಿ ಗೆದ್ದಂತೆ. ನಾನು ಕೈ ಜೋಡಿಸಿ, ಇಲ್ಲ ಅನ್ನು, ಇಲ್ಲ ಅನ್ನು ಎಂದು ಮನಸ್ಸಿನಲ್ಲೇ ಪ್ರಾರ್ಥಿಸಿದೆ. ಸುಳ್ಳಿಗಾಗಿ ಪ್ರಾರ್ಥಿಸಿದ್ದೇನೆಂದು ಆಗ ಹೊಳೆಯಲೂ ಇಲ್ಲ. ಅವನು ನೀರಿನ ಲೋಟ ಕೆಳಗಿಟ್ಟ. "ಹೋಗ್ತಿದ್ದೆ ಅಂತ ಕಾಣುತ್ತೆ ಸರ್. ಖಚಿತ ಗೊತ್ತಿಲ್ಲ. ಹೋಗ್ತಿರಲಿಲ್ಲ ಅಂತ ಮಾತ್ರ ಹೇಳಲಾರೆ" ಎಂದ.

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಪ್ಪಾ, ಈ ಯುದ್ಧ ಸರಿಯೋ ತಪ್ಪೋ ಅಂತ ಕಾನೂನು ನಿನ್ನ ಕೇಳ್ತಿಲ್ಲ. ಯುದ್ಧ ಅನ್ನೋದೇ, ಯಾವುದೇ ಆಗಲಿ, ನಿನ್ನ ಧರ್ಮಕ್ಕೆ ವಿರುದ್ಧವೋ ಅಂತ ಕೇಳ್ತಿದೆ" ಎಂದರು. ಅದಕ್ಕೆ ಇವನು ಕೊಟ್ಟ ಉತ್ತರ ಕೇಳಿ: "ನನಗೆ ಕಲಿಸಿದ್ದು ಹಾಗಲ್ಲ ಸರ್. ನೆರೆಯವನನ್ನ ಕಾಪಾಡೋಕೆ ಕತ್ತಿ ಹಿಡಿದ್ರೆ ಪಾಪ ಅಲ್ಲ, ಆದ್ರೆ ಕಾರಣ ನ್ಯಾಯವಾಗಿರಬೇಕು, ಬೇರೆ ದಾರಿ ಉಳಿದಿರಬಾರದು ಅಂತ ಕಲಿಸಿದ್ದಾರೆ." ಯಾರು ಕಲಿಸಿದ್ದು ಎಂದು ಕೇಳಿದರು. "ನಮ್ಮಪ್ಪ" ಎಂದ. ಪ್ರಾಧ್ಯಾಪಕರು ನಿಮ್ಮ ಜೊತೆ ಸೆಮಿನರಿಯಲ್ಲಿ ಓದಿದವರಂತೆ. "ಗಿಡಿಯನ್ ಪಾಠ ಚೆನ್ನಾಗಿಯೇ ಹೇಳಿದ್ದಾನೆ" ಎಂದು ಪಕ್ಕದವರಿಗೆ ಅಂದದ್ದು ಹಿಂದಿನ ಸಾಲಿಗೂ ಕೇಳಿಸಿತು.

ವಕೀಲರು ಇಂದು ಮತ್ತೊಮ್ಮೆ ಬಿಡಿಸಿ ಹೇಳಿದರು. ಎಲ್ಲ ಯುದ್ಧಕ್ಕೂ ವಿರೋಧ ಎಂದು ಮಂಡಳಿಗೆ ಮನವರಿಕೆಯಾದರೆ ಆರು ವರ್ಷ ಆಸ್ಪತ್ರೆಯಲ್ಲೋ ನಗರಸಭೆಯಲ್ಲೋ ಕೆಲಸ, ರಾತ್ರಿ ಮನೆಯಲ್ಲಿ ಊಟ. ಈ ಯುದ್ಧಕ್ಕೆ ಮಾತ್ರ ಎಂದರೆ ಮಂಡಳಿಯ ಕೈಯಲ್ಲಿ ಏನೂ ಇಲ್ಲ, ಅದೇ ಆರು ವರ್ಷ ಜೈಲು. ಯಾವ ಯುದ್ಧವೂ ಸಲ್ಲದು ಎನ್ನುವ ಪಂಥಗಳ ಹುಡುಗರಿಗೆ ಇದು ಸುಲಭ, ಅವರ ಸಭೆಯೇ ಹಾಗೆ ಕಲಿಸಿರುತ್ತದೆ. ನಮ್ಮ ಸಭೆಯ ಹುಡುಗ ನಮ್ಮ ಸಭೆಯ ಪಾಠವನ್ನು ಅಕ್ಷರಶಃ ಪಾಲಿಸಿದರೆ ಹೋಗಬೇಕಾದದ್ದು ಜೈಲಿಗೆ. ನಿಮ್ಮ ಹೇಳಿಕೆ ಬಂದರೆ ತೂಕ ಬೇರೆಯಾಗುತ್ತದೆ ಎಂದು ವಕೀಲರ ಅಭಿಪ್ರಾಯ. "ಸೇನಾ ಪಾದ್ರಿನೇ ತನ್ನ ಮಗ ಎಂಥಾ ಯುದ್ಧಕ್ಕೂ ಆಯುಧ ಹಿಡಿಯೋನಲ್ಲ ಅಂತ ಬರೆದ್ರೆ, ಯಾರು ಇಲ್ಲ ಅಂತಾರೆ ಮೇಡಂ?" ಎಂದರು.

ಊರಿನ ಮಾತು ನಿಮಗೆ ತಿಳಿದಿರಲಿ. ಭಾನುವಾರದ ಪ್ರಾರ್ಥನೆಯಲ್ಲಿ ಗಡಿಯಲ್ಲಿರುವ ಹುಡುಗರ ಹೆಸರು ಓದುವಾಗ ನಿಮ್ಮ ಹೆಸರೂ ಬರುತ್ತದೆ, ಆಗ ನಾಲ್ಕು ತಲೆ ನನ್ನ ಕಡೆ ತಿರುಗುತ್ತವೆ. ಎಲ್ನಾ ಬೋತೆಸ್ ತಿರುಗುವುದಿಲ್ಲ. ಅವಳ ಮಗ ವೈನಾಂಡ್ ಗಡಿಯಲ್ಲಿ ಸತ್ತು ಮಾರ್ಚಿಗೆ ಎರಡು ವರ್ಷ, ಅವನನ್ನು ಹೂಳಿದವರು ನೀವೇ. ಕಳೆದ ವಾರ ಚಹಾ ಹೊತ್ತಿನಲ್ಲಿ ನೇರ ಬಂದು, "ನಿನ್ನ ಮಗ ಜೈಲಿಗಾದ್ರೂ ಹೋಗ್ತಾನಲ್ಲೇ ಹೆಸ್ಟರ್. ವಾರಕ್ಕೊಮ್ಮೆ ಹೋಗಿ ಮುಖ ನೋಡಬಹುದು" ಎಂದಳು. ಬೈದಳೋ, ಸಮಾಧಾನ ಹೇಳಿದಳೋ ತಿಳಿಯಲಿಲ್ಲ. "ಅವನು ಸರಿ ಅಂದ್ರೆ ನನ್ನ ಹುಡುಗ ಯಾತಕ್ಕೆ ಸತ್ತ, ಅದನ್ನೂ ನೀನೇ ಹೇಳು" ಎಂದು ಹೋಗಿಬಿಟ್ಟಳು. ಮರುದಿನ ಬೆಳಿಗ್ಗೆ ಬಾಗಿಲ ಬಳಿ ಒಂದು ಡಬ್ಬ ರಸ್ಕು ಇತ್ತು, ಅವಳ ಕೈಯದೇ. ರೈನಿಯರ್ ಡಬ್ಬ ವಾಪಸು ಕೊಡಲು ಹೋದವನು ಎರಡು ಗಂಟೆ ಅವರ ಮನೆಯಲ್ಲೇ ಇದ್ದ. ಏನು ಮಾತಾಡಿದರೆಂದು ಇಬ್ಬರೂ ಹೇಳಿಲ್ಲ.

ನಿಮ್ಮ ಅಮ್ಮನ ನ್ಯಾಯ ಬೇರೆಯೇ. "ನನ್ನಪ್ಪ ಬಂದೂಕು ಹಿಡಿದು ಒಲ್ಲೆ ಅಂದ, ಇವನು ಬರಿಗೈಲಿ ಒಲ್ಲೆ ಅಂತಾನೆ. ಅಪ್ಪ ಜೈಲಿಂದ ಬಂದಾಗ ಊರೇ ಸ್ಟೇಷನ್ನಿಗೆ ಹೋಗಿತ್ತು. ಇವನಿಗೆ ಯಾಕೆ ಮೂತಿ ತಿರುವ್ತೀರಿ? ಕುದುರೆ ಹುಲ್ಲಾದರೂ ಉಳೀತಲ್ಲ!" ಎನ್ನುತ್ತಾರೆ. ಸಭೆಯ ಹಿರಿಯರು ನೋಡಲು ಬಂದು, ಅಧಿಕಾರಿಗಳಿಗೆ ಅಧೀನರಾಗಿರಿ ಎಂಬ ವಚನ ಓದಿದರು. "ಆ ವಚನ ಬ್ರಿಟಿಷರೂ ಓದ್ತಿದ್ರು ನಮ್ಮ ಮುಂದೆ, ಶಿಬಿರದಲ್ಲಿ. ಕಾಫಿ ಕುಡೀರಿ" ಎಂದುಬಿಟ್ಟರು. ಬ್ರಿಟಿಷರು ನಮ್ಮ ಹೆಂಗಸರು ಮಕ್ಕಳನ್ನು ಸೆರೆಶಿಬಿರದಲ್ಲಿ ಕೂಡಿಹಾಕಿದ ಕಾಲಕ್ಕೆ ಅತ್ತೆ ಇನ್ನೂ ಹುಟ್ಟೇ ಇರಲಿಲ್ಲ, ಶಿಬಿರದಲ್ಲಿದ್ದದ್ದು ಅವರ ಅಮ್ಮ. ಹೇಳುವ ಧೈರ್ಯ ಹಿರಿಯರಿಗೂ ಬರಲಿಲ್ಲ, ನನಗೂ ಇಲ್ಲ.

ಈಗ ನನ್ನ ಮಾತು. ಮಂಡಳಿಯ ಕಾರ್ಯದರ್ಶಿ ಸೇನಾ ಅಂಚೆಯಲ್ಲಿ ನಿಮಗೆ ಒಂದೇ ಪ್ರಶ್ನೆ ಕಳಿಸುತ್ತಾರೆ: ನಿಮ್ಮ ಅರಿವಿಗೆ ಬಂದ ಮಟ್ಟಿಗೆ ಈತನ ನಂಬಿಕೆ ಎಲ್ಲ ಯುದ್ಧಕ್ಕೂ ವಿರುದ್ಧವೇ? ಹೌದು ಎಂದು ಬರೆಯಿರಿ, ಗಿಡಿಯನ್. ಅವನಿಗೆ ಎಂಟು ವರ್ಷವಿದ್ದಾಗ ಕುರಿ ಕೊಯ್ಯುವುದನ್ನು ನೋಡಲಾರದೆ ಚರ್ಚಿನ ಗಂಟೆಗೋಪುರ ಹತ್ತಿ ಕೂತಿದ್ದನ್ನು ಬರೆಯಿರಿ. ಸಂಜೆ ಇಳಿದು ಬಂದು ಚಾಪ್ಸ್ ಎರಡು ಸಲ ಹಾಕಿಸಿಕೊಂಡದ್ದನ್ನು ಬರೆಯಬೇಕಾಗಿಲ್ಲ. ಕಳೆದ ರಜೆಯಲ್ಲಿ ನೀವು ಊಟದ ಮೇಜಿನಲ್ಲಿ, "ನಾನು ಅಲ್ಲಿರೋದು ಹುಡುಗರ ಜೊತೆ, ಯುದ್ಧದ ಜೊತೆ ಅಲ್ಲ" ಎಂದಿರಿ. ನಾನು ಅದನ್ನು ನಂಬಿದ್ದೇನೆ. ಸಾಯುವ ಹುಡುಗನ ಕೈ ಹಿಡಿಯಲು ಒಬ್ಬರು ಬೇಕು, ಆ ಒಬ್ಬರು ನೀವು. ಇವನೂ ನಮ್ಮ ಹುಡುಗನೇ. ಒಂದು ಶಬ್ದದಿಂದ ಅವನ ಆರು ವರ್ಷ ಉಳಿಯುವುದಾದರೆ ದೇವರು ಆ ಶಬ್ದವನ್ನು ಹೇಗೆ ತೂಗುತ್ತಾನೋ ಎಂಬ ಚಿಂತೆ ನನಗೆ ಬಿಡಿ, ನಾನೇ ಹೊರುತ್ತೇನೆ. ಈ ಪತ್ರವನ್ನು ದಾರಿಯಲ್ಲಿ ಯಾರಾದರೂ ಒಡೆದು ಓದಿದರೆ, ಅವರಿಗೂ ತಾಯಿ ಇರುತ್ತಾಳೆ.

ಅಮ್ಮ ನಿಮಗೆ ಆಶೀರ್ವಾದ ಹೇಳಿದ್ದಾರೆ, ಸ್ವೆಟರಿನ ಒಂದು ತೋಳು ಬಾಕಿ ಎಂದೂ ಹೇಳಲು ಹೇಳಿದ್ದಾರೆ. ಅಲ್ಲಿಯ ಸೆಕೆಯಲ್ಲಿ ಸ್ವೆಟರು ಯಾಕೆಂದು ನಾನು ಕೇಳಿಲ್ಲ. ಕರ್ತನು ನಿಮ್ಮ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ, ನಿಮ್ಮ ಜೊತೆಯ ಹುಡುಗರನ್ನೂ ಕಾಯಲಿ.

ನಿಮ್ಮ
ಹೆಸ್ಟರ್

ತಾ.ಕ. ಶನಿವಾರ ಬೆಳಿಗ್ಗೆ. ಅಂಚೆ ಕಚೇರಿ ಮುಚ್ಚುವುದರೊಳಗೆ ಹಾಕಬೇಕು, ಅವಸರದಲ್ಲಿ ಬರೆಯುತ್ತಿದ್ದೇನೆ. ತಿಂಡಿಯಾದ ಮೇಲೆ ರೈನಿಯರ್ ನನ್ನ ಜೊತೆ ಪೀಚ್ ಹೆಚ್ಚುತ್ತಾ, "ಅಪ್ಪನಿಗೆ ಏನು ಬರೆದೆ ಅಮ್ಮ?" ಎಂದ. ಮುಚ್ಚಿಡಲಿಲ್ಲ, ಹೌದು ಅಂತ ಬರೀರಿ ಎಂದು ಕೇಳಿದ್ದೇನೆ ಎಂದೆ. ಅವನು ಚಾಕು ಕೆಳಗಿಟ್ಟ. "ಹೌದು ಅಂದ್ರೆ ಅಪ್ಪ ಸುಳ್ಳು ಹೇಳಿದ ಹಾಗೆ, ನಾಳೆ ಯಾವ ಬಾಯಲ್ಲಿ ಆ ಹುಡುಗರಿಗೆ ಪ್ರಾರ್ಥನೆ ಹೇಳ್ತಾರೆ? ಇಲ್ಲ ಅಂದ್ರೆ ಮಗನ್ನ ಜೈಲಿಗೆ ಹಾಕಿಸಿದ ಅಪ್ಪ ಆಗ್ತಾರೆ. ಎರಡರಲ್ಲಿ ಯಾವುದನ್ನ ಮಾಡು ಅಂತ ಕೇಳಲಿ ಅವರನ್ನ?" ಎಂದ. ಕೈ ಒರೆಸಿಕೊಂಡು ಹೋಗಿ ವಕೀಲರ ಮನೆಗೆ ಫೋನ್ ಮಾಡಿ, ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದ. ಬರೆದುಕೊಟ್ಟ ಕಾಗದವೂ ಈ ಪತ್ರದ ಜೊತೆಗೇ ಅಂಚೆಗೆ ಹೋಗುತ್ತಿದೆ. ತಡೆಯಲು ನೋಡಿದೆ, ಅತ್ತೆ, ನಾನು ಇಬ್ಬರೂ ಸೇರಿ ನೋಡಿದೆವು. ಆಗಲಿಲ್ಲ. ಮಂಡಳಿಯ ಪ್ರಶ್ನೆ ಬಂದರೆ ನೀವು ಉತ್ತರಿಸಬೇಕಾಗಿಲ್ಲ. ಅವನು ಸೇನಾ ಶಿಬಿರಕ್ಕೇ ಹೋಗಿ, ಸಮವಸ್ತ್ರ ಕೊಟ್ಟಾಗ ಬೇಡ ಎನ್ನುತ್ತಾನೆ, ಅಲ್ಲೇ ಹಿಡಿಯುತ್ತಾರೆ. ಆ ದಿನ ನಿಮಗೆ ರಜೆ ಸಿಕ್ಕರೆ ಬನ್ನಿ ಎಂದಿದ್ದಾನೆ, ಸಮವಸ್ತ್ರದಲ್ಲೇ ಬರಲಿ, ನನಗೇನೂ ಅಡ್ಡಿಯಿಲ್ಲ ಎಂದಿದ್ದಾನೆ. ಕಾರು ನಾನೇ ಓಡಿಸುತ್ತೇನೆ. ಹಾಜರಾಗಬೇಕಾದದ್ದು ಫೆಬ್ರವರಿ 2, ಸೋಮವಾರ, ಬೆಳಿಗ್ಗೆ ಎಂಟಕ್ಕೆ, ಬ್ಲೂಮ್‌ಫಾಂಟೇನ್ ಶಿಬಿರದ ಮುಖ್ಯದ್ವಾರದಲ್ಲಿ.