ಉಪ್ಪುನೀರಿನ ಬಾಟಲಿ

ತಮ್ಮಾ,

ನೀನು ಹೋದ ಎರಡನೆಯ ದಿನ, ಬಂದವರೆಲ್ಲ ಹಜಾರದಲ್ಲಿ ಕೂತಿದ್ದಾಗ, ಹಿಂದಿನ ಕೋಣೆಯಲ್ಲಿ ನಿನ್ನ ಏಂಜೆಲ್ ಮೀನಿನ ಜೋಡಿ ಮೊಟ್ಟೆ ಇಟ್ಟಿತು. ತುಮಕೂರಿನಿಂದ ಕೊರಟಗೆರೆವರೆಗೆ ಬಸ್ಸಿನಲ್ಲಿ ನೀರು ತುಂಬಿದ ಕವರನ್ನು ತೊಡೆಯ ಮೇಲಿಟ್ಟುಕೊಂಡು ತಂದೆಯಲ್ಲ, ಅದೇ ಜೋಡಿ. ಹಿಂದಿನ ನಾಲ್ಕು ಸಲವೂ ತಮ್ಮ ಮೊಟ್ಟೆಯನ್ನು ತಾವೇ ತಿಂದಿದ್ದವು. ಈ ಸಲ ತಿನ್ನಲಿಲ್ಲ. ನೀನು ಇನ್ನೊಂದು ವಾರ ಇದ್ದಿದ್ದರೆ...

ನಿನ್ನೆ, ಒಂಬತ್ತನೆಯ ದಿನ, ಮರಿಗಳು ಈಜತೊಡಗಿದವು. ಆಗ ನಿನ್ನ ಮಾತು ನೆನಪಾಯಿತು: “ಈಜಿದ ಮೇಲೆ ಜೀವ ಇರೋ ಊಟಾನೇ ಬೇಕು ಅಕ್ಕಾ. ಎರಡು ದಿನ ತಪ್ಪಿದ್ರೆ ಮುಗೀತು.” ಫ್ರಿಜ್ಜಿನಿಂದ ನಿನ್ನ ಡಬ್ಬಿ ತೆಗೆದೆ. ಉಪ್ಪುನೀರಿನ ಸಿಗಡಿಯ ಮೊಟ್ಟೆ, ಥೇಟ್ ಕಾಫಿಪುಡಿ. ಗೋಡೆಯ ಮೇಲೆ ನೀನು ಪೆನ್ಸಿಲಿನಲ್ಲಿ ಬರೆದಿಟ್ಟಂತೆ ಲೀಟರಿಗೆ ಎರಡು ಚಮಚ ಕಲ್ಲುಪ್ಪು ಹಾಕಿ, ಮೊಟ್ಟೆ ಉದುರಿಸಿ, ಒಂದು ದಿನದಲ್ಲಿ ಒಡೆಯಲೆಂದು ಬಾಟಲಿಗೆ ಗಾಳಿಯ ಪೈಪು ಬಿಟ್ಟೆ. ಅಮ್ಮ ಇಣುಕಿದಳು. “ಇದೇನೇ, ಉಪ್ಪಾಕಿ ಕಾಫಿ ಕಾಸ್ತಿದ್ದೀಯ?”

ಇವತ್ತು ಮಧ್ಯಾಹ್ನ ಕರೆಂಟು ಹೋಯಿತು. ಗಾಳಿ ನಿಂತರೆ ಒಳಗಿನವು ಉಸಿರುಕಟ್ಟಿ ಸಾಯುತ್ತವಲ್ಲ? ಸಂಜೆವರೆಗೂ ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಮತ್ತೆ ಸುರಿಯುತ್ತಲೇ ಕೂತೆ. “ಎಂ.ಎ. ಮಾಡಿ ಪದ್ಯ ಓದ್ತೀಯ, ಒಂದು ಮೊಟ್ಟೆ ಒಡೆಸೋಕೆ ಬರುತ್ತಾ?” ಎಂದು ಕೆಣಕುತ್ತಿದ್ದೆಯಲ್ಲ. ಕತ್ತಲಾಗುವಾಗ ಮೊಬೈಲಿನ ಬೆಳಕಿನಲ್ಲಿ ಕಂಡವು, ನಡುಗುವ ಕಿತ್ತಳೆ ಚುಕ್ಕಿಗಳು, ಸಿಗಡಿಮರಿಗಳು. ಆದರೆ ಒಡೆದ ಮೊಟ್ಟೆಯ ಸಿಪ್ಪೆಗಳ ಜೊತೆ ಕಲಸಿಹೋಗಿದ್ದವು. ಸಿಪ್ಪೆ ನುಂಗಿದರೆ ಮೀನಿನ ಮರಿಗಳ ಹೊಟ್ಟೆ ಕಟ್ಟುತ್ತದೆ. ಬುಡದಲ್ಲಿ ಬೆಳಕಿಟ್ಟರೆ ಸಿಗಡಿಮರಿಗಳು ಅಲ್ಲಿಗೆ ಬರುತ್ತವೆ, ಸಿಪ್ಪೆ ಮೇಲೇ ಉಳಿಯುತ್ತದೆ. ಅಷ್ಟರಲ್ಲಿ ಮೊಬೈಲೂ ಆರಿತು.

ಮನೆಯಲ್ಲಿ ಉಳಿದಿದ್ದು ನಿನ್ನ ಫೋಟೊದ ಮುಂದಿನ ದೀಪವೊಂದೇ. ಹನ್ನೊಂದು ದಿನ ಅದು ಆರಬಾರದು, ಜಾಗ ಬಿಟ್ಟು ಕದಲಬಾರದು ಎಂದು ಅಮ್ಮನೇ ಹೇಳಿದ್ದಳು. “ಬಾಟಲಿಯ ಬುಡಕ್ಕೆ ಬೆಳಕು ಬೇಕಿತ್ತು” ಎಂದಷ್ಟೇ ಅಂದೆ. ಅವಳು ಬಾಗಿಲಲ್ಲಿ ನಿಂತು ಬಾಟಲಿಯನ್ನು ನೋಡಿದಳು, ನಿನ್ನನ್ನು ನೋಡಿದಳು. ಆಮೇಲೆ ಅಂಗೈ ಮರೆಮಾಡಿ ದೀಪ ಎತ್ತಿಕೊಂಡು ಬಂದಳು.

“ಅಮ್ಮಾ, ಬೇಡ...”

“ಅವನ ಮೀನಿಗೆ ತಾನೆ? ಅವನೇನು ಬ್ಯಾಡ ಅಂತಾನಾ? ಬಿರ್ನೆ ಮಾಡು, ಎಣ್ಣೆ ಕಮ್ಮಿ ಐತೆ.”

ಬಂದವು, ತಮ್ಮಾ. ಬುಡದಲ್ಲಿ ಕಿತ್ತಳೆ ಹೊಗೆಯಂತೆ ಕವಿದವು. ಪೈಪಿನಲ್ಲಿ ಇಳಿಸಿ, ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ತೊಟ್ಟಿಗೆ ಬಿಟ್ಟೆ. ಮೀನಿನ ಮರಿಗಳು ಕದಲಲಿಲ್ಲ. ತಡವಾಯಿತೇ ಎಂದುಕೊಳ್ಳುವಾಗ ಒಂದು ಬಾಗಿ, ಕಚ್ಚಿತು. ಆಮೇಲೆ ಎಲ್ಲವೂ. ಅಮ್ಮ ದೀಪವನ್ನು ತೊಟ್ಟಿಯ ಗಾಜಿಗೆ ಹಿಡಿದಳು.

ಬೆಳಿಗ್ಗೆ ಇನ್ನೊಂದು ಬಾಟಲಿ ಹಾಕುತ್ತೇನೆ, ದಿನವೂ ಹಾಕುತ್ತೇನೆ. ಅಷ್ಟು ಹೊತ್ತು ನಿನ್ನ ಫೋಟೊ ಕತ್ತಲಲ್ಲಿತ್ತು, ಬೇಜಾರು ಮಾಡಿಕೊಳ್ಳಬೇಡ. ಮರಿಗಳ ಹೊಟ್ಟೆ ಕಿತ್ತಳೆಯಾಗಿದೆ.

ನಿನ್ನ ಅಕ್ಕ